ಬಿಸ್ಮಿಲ್ಲಾಕ್ಕೂ ಮುಂಚಿನ ಪಾಠ

ಮಗುವಿಗೆ 4 ವರ್ಷ, 4 ತಿಂಗಳು, 4 ದಿನ ತುಂಬಿದಾಗ ಬಿಸ್ಮಿಲ್ಲಾ ಓದಿಸುವ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. ಹೊಸ ಬಟ್ಟೆ, ಮಿಠಾಯಿ, ನೆಂಟರಿಷ್ಟರು, ಎಲ್ಲವೂ ಇರುತ್ತದೆ. ಇಂದಿನಿಂದ ಮಗು ಕಲಿಯಲು ಶುರುಮಾಡಿತು ಎಂದು ಹಿರಿಯರು ಸಂತೋಷಪಡುತ್ತಾರೆ. ಸಂತೋಷಪಡಬೇಕಾದ ದಿನವೇ ಅದು. ಆದರೆ ಮಗು ಕಲಿಯತೊಡಗಿ ಅಷ್ಟರಲ್ಲಿ 4 ವರ್ಷ ಕಳೆದಿರುತ್ತದೆ. ಮಿದುಳಿನ ಬೆಳವಣಿಗೆಯಲ್ಲಿ 85 ಶೇಕಡಕ್ಕಿಂತ ಹೆಚ್ಚು ಭಾಗ 6 ವರ್ಷದೊಳಗೇ ಆಗುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ.

ಅಂಗನವಾಡಿಯಲ್ಲಿ ಕೂತು ಕಲಿಯುವುದು 3 ವರ್ಷ ತುಂಬಿದ ಮೇಲೆ. ಅದಕ್ಕೂ ಮೊದಲು ಮಗುವಿನ ಟೀಚರ್ ಯಾರು? ತಾಯಿ, ದಾದಿಮಾ, ನಾನಿ, ಎಷ್ಟೋ ಮನೆಗಳಲ್ಲಿ ಎಂಟು-ಹತ್ತು ವರ್ಷದ ಅಕ್ಕ. ಇವರಿಗೆ ಯಾರೂ ತರಬೇತಿ ಕೊಟ್ಟಿರುವುದಿಲ್ಲ. ಮಗು ನೋಡಿಕೊಳ್ಳಲು ತರಬೇತಿ ಯಾಕೆ, ಅದೇನು ಹೊಲಿಗೆ ಮಿಷನ್ನೇ ಎಂದು ನಗುವವರೂ ಇದ್ದಾರೆ. ಹೊಟ್ಟೆ ತುಂಬಿಸುವುದು, ಸ್ನಾನ ಮಾಡಿಸುವುದು, ಮಲಗಿಸುವುದು ನಮಗೆ ಗೊತ್ತು, ನಿಜ. ಮಗುವಿನ ಜೊತೆ ಮಾತು ಬೆಳೆಸುವುದು, ಆಟದಲ್ಲಿ ಅದರ ಬುದ್ಧಿ ಬೆಳೆಸುವುದು ಮಾತ್ರ ಅಭ್ಯಾಸದಿಂದಲೇ ಬರುವ ಕೆಲಸ.

ಅದು ಕಲಿಸಿದರೆ ಬರುತ್ತದೆ ಎಂಬುದಕ್ಕೆ ಒಂದು ದೂರದ ದೇಶದ ಸಾಕ್ಷಿ ಇದೆ. ಜಮೈಕಾದ ಕಿಂಗ್‌ಸ್ಟನ್ ನಗರದ ಬಡ ಓಣಿಗಳಲ್ಲಿ 1986-87ರಲ್ಲಿ, ವಯಸ್ಸಿಗೆ ತಕ್ಕ ಎತ್ತರ ಬೆಳೆಯದ 129 ಮಕ್ಕಳನ್ನು ಆರಿಸಿದರು. ಆಗ ಆ ಮಕ್ಕಳಿಗೆ 9ರಿಂದ 24 ತಿಂಗಳು. ಅವರಲ್ಲಿ ಕೆಲವರ ಮನೆಗೆ ನಮ್ಮ ಆಶಾ ಕಾರ್ಯಕರ್ತೆಯರಂಥ ಹೆಂಗಸರು ವಾರಕ್ಕೊಮ್ಮೆ ಒಂದು ಗಂಟೆ ಹೋಗುತ್ತಿದ್ದರು. ಅವರು ಭಾಷಣ ಮಾಡಲಿಲ್ಲ. ಖಾಲಿ ಡಬ್ಬಿ, ಬಾಟಲಿಗಳಿಂದ ಮಾಡಿದ ಆಟಿಕೆ ಮುಂದಿಟ್ಟು ಮಗುವಿನ ಜೊತೆ ಆಡಿ ತೋರಿಸಿದರು, ನಂತರ ತಾಯಿಯಿಂದಲೇ ಆಡಿಸಿದರು. ಹೀಗೆ 2 ವರ್ಷ ನಡೆಯಿತು. ಸುಮಾರು 20 ವರ್ಷ ಕಳೆದ ಮೇಲೆ ವಿಚಾರಿಸಿದಾಗ, ಈ ಭೇಟಿ ಪಡೆದ ಮಕ್ಕಳ ದುಡಿಮೆ ಪಡೆಯದವರಿಗಿಂತ 25 ಶೇಕಡ ಹೆಚ್ಚಿತ್ತು. ನಮ್ಮ ದೇಶದಲ್ಲೇ, ಒಡಿಶಾದ ಹಳ್ಳಿಗಳಲ್ಲಿ, ಮನೆಮನೆಗೆ ಹೋಗುವ ಬದಲು ತಾಯಂದಿರನ್ನು ಒಂದು ಕಡೆ ಕೂಡಿಸಿ ಇದೇ ಆಟಗಳನ್ನು ಕಲಿಸಿ ನೋಡಿದರು. ಫಲ ಹೆಚ್ಚುಕಡಿಮೆ ಅಷ್ಟೇ ಬಂತು, ಖರ್ಚು ಕಡಿಮೆಯಾಯಿತು.

ಹಾಗಾದರೆ ಕಲಿಯಬೇಕಾದದ್ದೇನು? ಮುಖ್ಯವಾಗಿ ಒಂದೇ: ಮಗು ಮಾತಾಡಲು ಬಿಟ್ಟು, ಕಾದು, ಉತ್ತರ ಕೊಡುವುದು. ಮೂರು ತಿಂಗಳ ಕೂಸು "ಊಂ" ಎಂದರೆ ನೀವೂ "ಊಂ" ಎನ್ನಿ, ಆಮೇಲೆ ಸುಮ್ಮನಿದ್ದು ಅದರ ಮುಖ ನೋಡಿ. ಅದು ಮತ್ತೆ ದನಿ ಮಾಡುತ್ತದೆ. ಈ ಸುಮ್ಮನಿರುವುದೇ ನಮಗೆ ಕಷ್ಟ. ನಾವು ಮಗುವಿಗೆ ಹೇಳುತ್ತೇವೆ, ಬಯ್ಯುತ್ತೇವೆ, ಮುದ್ದು ಮಾಡುತ್ತೇವೆ. ಅದರ ಸರದಿಗೆ ಕಾಯುವುದಿಲ್ಲ. ಒಂದು ವರ್ಷದ ಮಗು ಕಾಗೆಯತ್ತ ಬೆರಳು ತೋರಿಸಿದರೆ "ಹೌದು, ಕಾಗೆ, ಹಾರಿ ಹೋಯ್ತು" ಎನ್ನಿ. ಎರಡು ವರ್ಷದ ಮಗು "ನೀರು" ಎಂದರೆ "ತಣ್ಣೀರು ಬೇಕಾ?" ಎಂದು ಇನ್ನೊಂದು ಪದ ಸೇರಿಸಿ ಕೇಳಿ. ಊಟ ತುರುಕುವಾಗಲೂ ಇದೇ ಮಾತು. ಬಾಯಿ ತಾನಾಗಿ ತೆರೆಯುವವರೆಗೆ ಒಂದು ಕ್ಷಣ ಕಾಯುವುದು ಕೂಡ ಮಾತುಕತೆಯೇ.

"ಅಷ್ಟು ಸಮಯ ಎಲ್ಲಿದೆ?" ಎಂಬ ಪ್ರಶ್ನೆ ನ್ಯಾಯವಾದದ್ದು. ನವಲಗುಂದದ ಜಮಖಾನೆಯನ್ನೇ ನೋಡಿ. ಮನೆಯೊಳಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು ಅದನ್ನು ನೇಯುವವರು ನಮ್ಮ ಹೆಣ್ಣುಮಕ್ಕಳು. ಕೆಲಸ ನಿಂತರೆ ಕೂಲಿ ನಿಲ್ಲುತ್ತದೆ. ಆದರೆ ಕೈ ನೇಯುತ್ತಿದ್ದಾಗ ಬಾಯಿ ಬಿಡುವಾಗಿಯೇ ಇರುತ್ತದೆ. ಪಕ್ಕದಲ್ಲಿ ಕೂತ ಎರಡು ವರ್ಷದ ಮಗುವಿಗೆ ನೂಲಿನ ಉಂಡೆ ಕೊಟ್ಟು "ಲಾಲ್ ಧಾಗಾ ಕಿಧರ್ ಹೈ?" ಎಂದು ಕೇಳಿ. ಹಾಸಿನ ಮೇಲೆ ಮೂಡುತ್ತಿರುವ ನವಿಲನ್ನು ತೋರಿಸಿ, ಅದರ ಕೊಕ್ಕು ಎಲ್ಲಿ, ಬಾಲ ಎಲ್ಲಿ ಎಂದು ಕೇಳಿ. ಬಣ್ಣ, ಎಣಿಕೆ, ಆಕಾರ ಎಲ್ಲವೂ ಆ ಮಗ್ಗದಲ್ಲೇ ಇದೆ. ಇಷ್ಟು ಒಳ್ಳೆಯ ಶಾಲೆ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಕತ್ತರಿಯೊಂದನ್ನು ಮಾತ್ರ ಮೇಲಿಡಿ.

ಕುಂದಗೋಳ, ಅಣ್ಣಿಗೇರಿ ಕಡೆಯ ಎರೆಹೊಲಗಳ ಕಷ್ಟ ಬೇರೆ. ಮೆಣಸಿನಕಾಯಿ, ಹತ್ತಿ ಬಿಡಿಸುವ ಹೊತ್ತಿಗೆ ತಾಯಿ ಬೆಳಿಗ್ಗೆಯೇ ಕೂಲಿಗೆ ಹೋಗಿರುತ್ತಾಳೆ. ಮಗು ದಾದಿಮಾ ಅಥವಾ ಅಕ್ಕನ ಕೈಯಲ್ಲಿ. ದಾದಿಮಾ ಬಳಿ ಕಥೆ, ಒಗಟು, ಜೋಗುಳ ಬೇಕಾದಷ್ಟು ಇರುತ್ತವೆ. ಅವು ಹಳೆಯ ಕಾಲದ್ದು, ಈಗ ಬೇಡ ಎಂದು ನಾವೇ ಅವರ ಬಾಯಿ ಮುಚ್ಚಿಸಿ ಮಗುವಿನ ಕೈಗೆ ಮೊಬೈಲ್ ಕೊಟ್ಟಿದ್ದೇವೆ. ಮೊಬೈಲ್ ಮಾತಾಡುತ್ತದೆ, ಮಗುವಿಗಾಗಿ ಕಾಯುವುದಿಲ್ಲ. 2 ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ ಎಂದು ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳಿದೆ. ಅಕ್ಕನ ಮಾತು ಇನ್ನೂ ಸೂಕ್ಷ್ಮ. ತಮ್ಮನನ್ನು ಆಡಿಸುವುದು ಅವಳಿಗೆ ಬರಲಿ, ಅದಕ್ಕಾಗಿ ಅವಳ ಶಾಲೆ ತಪ್ಪಬಾರದು.

ಕಲಘಟಗಿಯ ಬಣ್ಣದ ತೊಟ್ಟಿಲು ತವರಿನಿಂದ ಬಂದ ಮನೆಗಳಲ್ಲಿ ಕೂಸಿಗೆ ನೋಡಲು ಬೇಕಾದಷ್ಟಿರುತ್ತದೆ. ತೂಗುವವರು ಮಗುವಿನ ಕಡೆ ಮುಖ ಮಾಡಿ ಕೂತರೆ ಸಾಕು.

ನಮ್ಮ ಮಕ್ಕಳ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. ಮನೆಯಲ್ಲಿ ದಖನಿ ಉರ್ದು, ಅಂಗನವಾಡಿಯಲ್ಲಿ ಕನ್ನಡ. ಮೂರು ವರ್ಷದ ಮಗು ಅಲ್ಲಿ ಮೊದಮೊದಲು ಬಾಯಿ ಬಿಡದೆ ಕೂತರೆ ಅದನ್ನು ಮಂಕು ಎನ್ನುತ್ತಾರೆ. ಅದಕ್ಕೆ ಹೆದರಿ ಕೆಲವು ತಾಯಂದಿರು ತಮಗೇ ಸರಿಯಾಗಿ ಬಾರದ ಭಾಷೆಯಲ್ಲಿ ಮಗುವಿನೊಂದಿಗೆ ಮಾತಾಡಲು ಹೋಗುತ್ತಾರೆ, ಮಾತೇ ಕಡಿಮೆಯಾಗುತ್ತದೆ. ನಿಮ್ಮ ಮನೆಮಾತಿನಲ್ಲೇ ಧಾರಾಳವಾಗಿ ಮಾತಾಡಿ. ಒಂದು ಭಾಷೆ ಗಟ್ಟಿಯಾದ ಮಗುವಿಗೆ ಎರಡನೆಯದು ಸುಲಭ. ಟೀಚರಮ್ಮನಿಗೆ ಮಾತ್ರ ಒಂದು ಸಹಾಯ ಮಾಡಿ: ನೀರು, ಹಸಿವು, ಒಂದಕ್ಕೆ, ಎರಡಕ್ಕೆ, ಹೊಟ್ಟೆನೋವು, ಇವಕ್ಕೆ ನಿಮ್ಮ ಮಗು ಮನೆಯಲ್ಲಿ ಏನನ್ನುತ್ತದೆ ಎಂದು ಮೊದಲ ದಿನವೇ ಹೇಳಿಬಿಡಿ.

ಆದರೆ ಎಲ್ಲ ಮೌನವನ್ನೂ ಭಾಷೆಯ ಮೇಲೆ ಹಾಕಬೇಡಿ. ಒಂದು ವರ್ಷವಾದರೂ "ಬಾಬಾ, ದಾದಾ" ಎಂಬ ದನಿಗಳಿಲ್ಲ, ಕೈಬೀಸುವುದು, ಬೆರಳು ತೋರಿಸುವುದು ಇಲ್ಲ ಎಂದರೆ, ಅಥವಾ ಎರಡು ವರ್ಷವಾದರೂ ಯಾವ ಭಾಷೆಯಲ್ಲೂ ಎರಡು ಪದ ಕೂಡಿಸಿ ಹೇಳದಿದ್ದರೆ ತಡಮಾಡಬೇಡಿ. "ಅವರಪ್ಪನೂ ತಡವಾಗಿಯೇ ಮಾತಾಡಿದ" ಎಂಬ ಸಮಾಧಾನದಲ್ಲಿ ಅಮೂಲ್ಯ ತಿಂಗಳುಗಳು ಕಳೆದುಹೋಗುತ್ತವೆ. ಮೊದಲು ಕಿವಿ ಪರೀಕ್ಷೆ ಆಗಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ಬರುತ್ತದೆ. ಆ ದಿನ ಯಾವುದೆಂದು ಕೇಳಿಟ್ಟುಕೊಳ್ಳಿ. ಅದಕ್ಕೂ ಕಾಯಲಾಗದಿದ್ದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ.

ರಕ್ತ ಕಡಿಮೆ ಇರುವ ಮಗು ಆಟಕ್ಕೆ ಬರುವುದಿಲ್ಲ, ಕಲಿಯುವುದೂ ನಿಧಾನ. 6 ತಿಂಗಳಿಂದ 5 ವರ್ಷದವರೆಗೆ ವಾರಕ್ಕೆ ಎರಡು ಸಲ 1 ಮಿಲಿಲೀಟರ್ ಕಬ್ಬಿಣಾಂಶದ ಔಷಧಿ ಸರಕಾರದಿಂದಲೇ ಸಿಗುತ್ತದೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಸುರ್ಮಾ ಬಗ್ಗೆಯೂ ಹೇಳಲೇಬೇಕು. ಹಲವು ಸುರ್ಮಾಗಳಲ್ಲಿ ಸೀಸ ಇರುತ್ತದೆ. ಕಣ್ಣುಜ್ಜಿದ ಬೆರಳು ಬಾಯಿಗೆ ಹೋಗುತ್ತದೆ, ಸೀಸ ಮಿದುಳಿಗೆ ವಿಷ. ದೊಡ್ಡವರು ಹಚ್ಚಿಕೊಳ್ಳುವುದು ಅವರಿಷ್ಟ, ಕೂಸಿನ ಕಣ್ಣಿಗೆ ಬೇಡ. ಆಟಿಕೆಗಳನ್ನು ಸೋಪಿನಲ್ಲಿ ತೊಳೆದಿಡಿ. ಸಣ್ಣ ಬೀಜ, ಗುಂಡಿ ಹಾಕಿದ ಡಬ್ಬಿಯ ಮುಚ್ಚಳ ಬಿಗಿಯಾಗಿದೆಯೇ ನೋಡಿ. ಗಂಟಲಲ್ಲಿ ಸಿಕ್ಕಿಕೊಳ್ಳುವುದು ಒಂದೇ ಕ್ಷಣದ ಕೆಲಸ.

ಇನ್ನು ತರಬೇತಿ ಎಲ್ಲಿ? ದೂರ ಹೋಗಬೇಕಾಗಿಲ್ಲ. 2023ರಲ್ಲಿ ಕೇಂದ್ರ ಸರಕಾರ 'ಪೋಷಣ್ ಭೀ ಪಢಾಯಿ ಭೀ' ಎಂಬ ಕಾರ್ಯಕ್ರಮ ಆರಂಭಿಸಿ ಅಂಗನವಾಡಿ ಕಾರ್ಯಕರ್ತೆಯರಿಗೆ ಕಲಿಕೆಯ ತರಬೇತಿ ಕೊಡತೊಡಗಿತು. 2024ರಲ್ಲಿ ಹುಟ್ಟಿನಿಂದ 3 ವರ್ಷದ ಮಕ್ಕಳಿಗಾಗಿಯೇ 'ನವಚೇತನ' ಎಂಬ ಕೈಪಿಡಿ ಬಂದಿದೆ. ಅದರಲ್ಲಿ 36 ತಿಂಗಳಿಗೆ ಹಂಚಿದ 140 ಆಟ-ಚಟುವಟಿಕೆಗಳಿವೆ, ಮನೆಯಲ್ಲಿರುವ ಸಾಮಾನಿನಿಂದಲೇ ಆಡುವಂಥವು. ಮುಂದಿನ ತಾಯಂದಿರ ಸಭೆಯಲ್ಲಿ "ನನ್ನ ಮಗುವಿಗೆ 14 ತಿಂಗಳು, ಈ ತಿಂಗಳ ಆಟ ಯಾವುದು, ಆಡಿ ತೋರಿಸಿ" ಎಂದು ಕೇಳಿ. ಕಾರ್ಯಕರ್ತೆಗೆ ರಿಜಿಸ್ಟರ್ ಬರೆಯುವ ಕೆಲಸವೇ ಮೈತುಂಬ ಇರುತ್ತದೆ. ಕೇಳುವವರಿದ್ದರೆ ಅವರಿಗೂ ಹುರುಪು.

ಹಾಗೆ ಕಲಿತದ್ದನ್ನು ಓಣಿಗೆ ತನ್ನಿ. ಜುಹರ್ ನಮಾಜಿನ ನಂತರ ವಾರಕ್ಕೊಂದು ದಿನ, ಐದಾರು ತಾಯಂದಿರು ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡೇ ಒಬ್ಬರ ಮನೆಯಲ್ಲಿ ಕೂಡಿ. ಎಸ್ಸೆಸ್ಸೆಲ್ಸಿ ಮುಗಿಸಿದ ಸೊಸೆಯೊಬ್ಬಳು ಮುಂದಾಳಾಗಲಿ, ಹಾಡಿಗೆ ದಾದಿಮಾ ಇರಲಿ. ಒಂದು ವಾರಕ್ಕೆ ಒಂದೇ ಆಟ. ಪ್ರತಿಯೊಬ್ಬ ತಾಯಿಯೂ ಅಲ್ಲೇ ತನ್ನ ಮಗುವಿನೊಂದಿಗೆ ಅದನ್ನು ಆಡಬೇಕು. ಬರೀ ಕೇಳಿ ಎದ್ದರೆ ಮನೆ ಮುಟ್ಟುವಷ್ಟರಲ್ಲಿ ಮರೆತಿರುತ್ತದೆ. ಹೋದ ವಾರದ ಆಟ ಮನೆಯಲ್ಲಿ ಹೇಗಾಯಿತು ಎಂದು ಮೊದಲು ಕೇಳಿ. ಭಾನುವಾರ ಇಟ್ಟುಕೊಂಡರೆ ಶಾಲೆಗೆ ಹೋಗುವ ಅಕ್ಕಂದಿರೂ ಬಂದು ಕೂರಬಹುದು. ಬರುವಾಗ ತಾಯಿ ಕಾರ್ಡ್ ಜೊತೆಗಿರಲಿ. ಯಾವ ತಿಂಗಳಿಗೆ ಮಗು ಏನು ಮಾಡಬೇಕು ಎಂಬ ಚಿತ್ರಗಳು ಅದರಲ್ಲೇ ಇವೆ.