ಮಸಿಯ ರಕ್ಷಣೆ: ರಜೆಯ ದಿನಗಳಲ್ಲಿ ಶಾಲೆಯ ಮುದ್ರಣಯಂತ್ರ

ಬರೆಯುವವನಿಗೆ ಮಸಿಯೇ ಬಂಡವಾಳ. ನಮ್ಮ ಪೂರ್ವಿಕರು ತಾಳೆಗರಿಯ ಮೇಲೆ ಕಂಠದಿಂದ ಅಕ್ಷರಗಳನ್ನು ಕೊರೆದು, ಅನಂತರ ಕಾಡಿಗೆಯನ್ನು ತೀಡಿ ಅವು ಕಾಣುವಂತೆ ಮಾಡುತ್ತಿದ್ದರು. ಅಲ್ಲಿ ಲೇಖನಿಯೊಳಗೆ ಮಸಿ ಆರುವ ಭಯವಿರಲಿಲ್ಲ. ಮಸಿಯನ್ನು ಒಡಲಲ್ಲಿ ತುಂಬಿಕೊಂಡ ಲೇಖನಿ ಬಂದ ಮೇಲೆ ಆ ಭಯವೂ ಬಂದಿತು. ಬೇಸಿಗೆಯ ರಜೆ ಮುಗಿದು ಜೂನ್ ತಿಂಗಳಲ್ಲಿ ಶಾಲೆಗೆ ಮರಳುವಾಗ, ಶಾಯಿಪೆನ್ನಿನ ನಿಬ್ಬನ್ನು ಬೆಚ್ಚನೆಯ ನೀರಿನಲ್ಲಿ ನೆನೆಯಿಟ್ಟು ಕಾದ ನೆನಪು ನನ್ನ ವಯಸ್ಸಿನವರಿಗೆಲ್ಲ ಇದ್ದೀತು.

ಇಂದು ಅದೇ ತೊಂದರೆ ಇಂಕ್‌ಜೆಟ್ ಮುದ್ರಣಯಂತ್ರದ ರೂಪದಲ್ಲಿ ಶಾಲೆಯ ಕಾರ್ಯಾಲಯವನ್ನು ಹೊಕ್ಕಿದೆ. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತ ಶಾಲೆಗಳು ಮುಚ್ಚಿದವು; ಹತ್ತನೆಯ ತರಗತಿಯ ಪಾಠಗಳು ಶಾಲೆಯಲ್ಲಿ ಮರಳಿ ಆರಂಭವಾದದ್ದು 2021ರ ಜನವರಿ 1ರಂದು. ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿ ಕೊಟ್ಟ ಯಂತ್ರವೊಂದು ಆಗ ನನ್ನ ವಶದಲ್ಲಿತ್ತು. ಅವಸರದಲ್ಲಿ ಗೋಡೆಯ ಸ್ವಿಚ್ಚನ್ನು ಆರಿಸಿ, ಕೋಣೆಗೆ ಬೀಗ ಹಾಕಿ ಹೊರಟವನು ನಾನೇ. ತಿಂಗಳುಗಳ ತರುವಾಯ ಯಂತ್ರವನ್ನು ನಡೆಸಿದರೆ ಹಾಳೆ ಬೆಳ್ಳಗೇ ಹೊರಬಂದಿತು. ಕೊಟ್ಟವರಿಗೆ ಆ ಸಂಗತಿಯನ್ನು ತಿಳಿಸುವಾಗ ಆದ ಸಂಕೋಚವೇ ಈ ಲೇಖನಕ್ಕೆ ಪ್ರೇರಣೆ.

ಕಾರಣವನ್ನು ಅರಿತರೆ ಉಪಾಯ ಸುಲಭ. ಈ ಯಂತ್ರದ ಮುದ್ರಣಶಿರದಲ್ಲಿ ಮನುಷ್ಯನ ಕೂದಲಿಗಿಂತಲೂ ಸಣ್ಣವಾದ ನೂರಾರು ರಂಧ್ರಗಳಿವೆ. ಅವುಗಳಿಂದ ಮಸಿ ಹನಿಹನಿಯಾಗಿ ಕಾಗದದ ಮೇಲೆ ಚಿಮ್ಮುತ್ತದೆ. ಮಸಿಯ ಬಹುಭಾಗ ನೀರು. ಬೇಗ ಆರದಿರಲೆಂದು ಗ್ಲಿಸರಿನ್ ಮೊದಲಾದ ದ್ರವಗಳನ್ನು ಅದಕ್ಕೆ ಬೆರೆಸಿರುತ್ತಾರೆ. ಆದರೂ ರಂಧ್ರದ ಬಾಯಿ ತೆರೆದಿದ್ದರೆ ನೀರು ಆವಿಯಾಗಿ, ಉಳಿದ ಬಣ್ಣ ಬಿರಡೆಯಂತೆ ಗಟ್ಟಿಯಾಗುತ್ತದೆ. ನೀರಿನಲ್ಲಿ ಕರಗಿದ ಬಣ್ಣಕ್ಕಿಂತ, ಸೂಕ್ಷ್ಮ ಕಣಗಳ ರೂಪದಲ್ಲಿರುವ ಪಿಗ್ಮೆಂಟ್ ಬಣ್ಣ ಒಮ್ಮೆ ಆರಿದರೆ ಮರಳಿ ಕರಗುವುದು ಕಷ್ಟ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿಯ ಆಸುಪಾಸು ಏರುವ ನಮ್ಮ ರಬಕವಿಯಲ್ಲಿ ಈ ಕ್ರಿಯೆ ಇನ್ನಷ್ಟು ತ್ವರಿತ.

ಆದುದರಿಂದ ಈ ಕ್ರಮಗಳನ್ನು ಪಾಲಿಸಬೇಕು. ಒಂದನೆಯದು, ಯಂತ್ರವನ್ನು ಅದರದೇ ಗುಂಡಿಯಿಂದ ಆರಿಸಬೇಕು. ಆಗ ಮುದ್ರಣಶಿರವು ತನ್ನ ನೆಲೆಗೆ ಸರಿದು, ರಬ್ಬರಿನ ಮುಚ್ಚಳವು ರಂಧ್ರಗಳನ್ನು ಮುಚ್ಚುತ್ತದೆ. ಚಲಿಸುತ್ತಿರುವಾಗ ಗೋಡೆಯ ಸ್ವಿಚ್ಚನ್ನು ಆರಿಸಿದರೆ ಶಿರವು ನಡುದಾರಿಯಲ್ಲೇ ಬಾಯಿ ತೆರೆದು ನಿಲ್ಲುತ್ತದೆ. ನನ್ನಿಂದಾದ ತಪ್ಪು ಇದೇ.

ಎರಡನೆಯದು, ಶಾಯಿಪೆನ್ನನ್ನು ಬರಿದು ಮಾಡಿ ತೊಳೆದಿಡುವುದು ವಾಡಿಕೆ. ಇಲ್ಲಿ ಹಾಗೆ ಮಾಡಬಾರದು. ಮಸಿ ತೀರಿದರೆ ಗಾಳಿ ಒಳಹೊಕ್ಕು ಮಸಿಯ ದಾರಿ ಕೆಡುತ್ತದೆ. ಮಸಿ ಸಾಕಷ್ಟಿರಲಿ, ಡಬ್ಬಿಗಳು ಯಂತ್ರದಲ್ಲಿಯೇ ಇರಲಿ.

ಮೂರನೆಯದು, ರಜೆಯಲ್ಲಿಯೂ ಹದಿನೈದು ದಿನಕ್ಕೊಮ್ಮೆ ಎಲ್ಲ ಬಣ್ಣಗಳೂ ಬರುವಂತೆ ಒಂದು ಪುಟವನ್ನು ಮುದ್ರಿಸಬೇಕು.

ನಾಲ್ಕನೆಯದು, ಯಂತ್ರವನ್ನು ಕಿಟಕಿಯ ಬಿಸಿಲಿಗೂ ತಗಡಿನ ಮಾಡಿನ ಕಾವಿಗೂ ದೂರದಲ್ಲಿ, ಸಮತಟ್ಟಾದ ಮೇಜಿನ ಮೇಲೆ ಬಟ್ಟೆ ಹೊದಿಸಿ ಇಡಬೇಕು. ಮಗ್ಗಗಳ ಊರಾದ ಇಲ್ಲಿ ಗಾಳಿಯಲ್ಲಿ ತೇಲುವ ನೂಲಿನ ಎಳೆಯೂ ಯಂತ್ರಕ್ಕೆ ಶತ್ರುವೇ.

ಮತ್ತೆ ಆರಂಭಿಸುವಾಗ ಮೊದಲು ಪರೀಕ್ಷಾಪುಟವನ್ನು ತೆಗೆಯಿರಿ. ಗೆರೆಗಳು ಕಡಿದಿದ್ದರೆ, ಯಂತ್ರದಲ್ಲಿಯೇ ಇರುವ ಶುದ್ಧೀಕರಣದ ಕ್ರಮವನ್ನು ಒಂದೆರಡು ಸಲ ನಡೆಸಿ, ಕೆಲವು ತಾಸು ಬಿಟ್ಟು ಮತ್ತೆ ನೋಡಿರಿ. ಮೇಲಿಂದ ಮೇಲೆ ಶುದ್ಧಗೊಳಿಸಿದರೆ ಮಸಿ ವ್ಯರ್ಥವಾಗುವುದಲ್ಲದೆ, ಒಳಗಿರುವ ಹೀರುಮೆತ್ತೆಯೂ ತುಂಬುತ್ತದೆ. ಸೂಜಿಯಿಂದ ಚುಚ್ಚುವ ಸಾಹಸವಂತೂ ಸಲ್ಲದು.

ವರ್ಷಗಟ್ಟಲೆ ಯಂತ್ರಕ್ಕೆ ಕೆಲಸವೇ ಇಲ್ಲವೆಂದಾದರೆ, ಅದನ್ನು ಕಪಾಟಿನಲ್ಲಿ ಕಾಪಾಡುವುದಕ್ಕಿಂತ ಉಪಯೋಗಿಸುವ ಇನ್ನೊಂದು ಶಾಲೆಗೆ ಕೊಡುವುದು ಲೇಸು. ಅಪರೂಪಕ್ಕೆ ಮುದ್ರಿಸುವವರಿಗೆ, ಮಸಿಯ ಬದಲು ಪುಡಿಯನ್ನು ಬಳಸುವ ಲೇಸರ್ ಯಂತ್ರವೇ ತಕ್ಕದ್ದು. ಪುಡಿಗೆ ಆರುವ ಚಿಂತೆಯಿಲ್ಲ.

ನಿಂತ ಮಗ್ಗ ಕೆಡುತ್ತದೆಂಬುದನ್ನು ನಮ್ಮ ನೇಕಾರರಿಗೆ ಯಾರೂ ಕಲಿಸಬೇಕಾಗಿಲ್ಲ. ಓದದೆ ಬಿಟ್ಟ ವಿದ್ಯೆಯ ಗತಿಯೂ ಅದೇ. ಕೊಟ್ಟವರ ಋಣವು ಕೃತಜ್ಞತೆಯ ಭಾಷಣದಿಂದ ತೀರುವುದಿಲ್ಲ. ಕೊಟ್ಟ ವಸ್ತುವನ್ನು ಕೆಡದಂತೆ ನಡೆಸಿಕೊಂಡು ಬರುವುದರಿಂದ ಅದು ಕೊಂಚವಾದರೂ ಹಗುರಾದೀತು. ಈ ಬೇಸಿಗೆಯಲ್ಲಿ ಬೀಗ ಹಾಕುವ ಮುನ್ನ ಯಂತ್ರದ ಗುಂಡಿಯತ್ತ ಒಮ್ಮೆ ಕೈ ಹೋಗಲೆಂದು ಶಿಕ್ಷಕ ಬಂಧುಗಳಲ್ಲಿ ನನ್ನ ವಿನಮ್ರ ವಿನಂತಿ.