ಅಂಕಿತಕ್ಕೆ ಅವಸರ ಬೇಡ

ಮಾಣಿ, ನೀನು ಕೃತಿ ಕಟ್ಟುತ್ತೀಯ ಎಂದು ನಿನ್ನಮ್ಮ ಹೇಳಿದಳು. ಸಂತೋಷ. ಆದರೆ ಪಿಯುಸಿ ಮುಗಿಯುವ ಮೊದಲೇ ‘ಅಜ್ಜ, ಯಾವ ಅಂಕಿತ ಇಟ್ಟುಕೊಳ್ಳಲಿ?’ ಎಂದು ಕೇಳಿದೆಯಲ್ಲ, ಅದಕ್ಕೇ ಇಷ್ಟು ಹೇಳಬೇಕಾಯಿತು.

ಮೈಸೂರು ವಾಸುದೇವಾಚಾರ್ಯರು (1865–1961) ಮೊದಲು ಕೂತದ್ದು ಸಂಸ್ಕೃತ ಪಾಠಶಾಲೆಯಲ್ಲಿ. ಜೊತೆಗೆ ವೀಣೆ ಪದ್ಮನಾಭಯ್ಯನವರಲ್ಲಿ ಸಂಗೀತ. ಆಮೇಲೆ ಚಾಮರಾಜೇಂದ್ರ ಒಡೆಯರು ಅವರನ್ನು ತಿರುವೈಯಾರಿಗೆ, ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿಗೆ ಕಳುಹಿಸಿದರು. ಗುರುಕುಲದಲ್ಲಿ ಪಾಠಕ್ಕೆ ಗಂಟೆ ಬಾರಿಸುವುದಿಲ್ಲ. ಗುರುಗಳಿಗೆ ಮನಸ್ಸು ಬಂದಾಗ ಪಾಠ, ಉಳಿದ ಹೊತ್ತು ಕೇಳ್ಮೆ. ಖಮಾಚಿನ ‘ಬ್ರೋಚೇವಾರೆವರುರಾ’ ನೀನೂ ಹಾಡುತ್ತೀಯಲ್ಲ, ಅದು ಅವರದೇ. ಪಲ್ಲವಿಯ ಸಂಗತಿಗಳನ್ನು ಒಂದರ ಕೆಳಗೊಂದು ಬರೆದು ನೋಡು. ಮಾತು ಅದೇ, ತಾಳ ಅದೇ. ರಾಗ ಮಾತ್ರ ಒಂದೊಂದೇ ಮೆಟ್ಟಿಲು ಏರುತ್ತದೆ. ಇದು ಯೂಟ್ಯೂಬ್ ಕೇಳಿದ ಮಾತ್ರಕ್ಕೆ ಕೈಗೆ ಹತ್ತುವ ವಿದ್ಯೆಯಲ್ಲ.

ಇನ್ನು ಜಯಚಾಮರಾಜ ಒಡೆಯರು. ಎಳವೆಯಲ್ಲಿ ಅವರ ಕೈ ಪಳಗಿದ್ದು ಪಿಯಾನೋದಲ್ಲಿ. 1940ರಲ್ಲಿ ತಂದೆ, ದೊಡ್ಡಪ್ಪ ಇಬ್ಬರೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡು, 21ನೆಯ ವಯಸ್ಸಿಗೇ ಸಿಂಹಾಸನ ಹೆಗಲಿಗೆ ಬಿತ್ತು. ಆದರೂ ಬಿಡಲಿಲ್ಲ; 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದರು. ರಷ್ಯದ ಸಂಗೀತ ರಚನಕಾರ ಮೆಟ್ನರ್‌ನ ಕೃತಿಗಳು ಧ್ವನಿಮುದ್ರಣವಾಗಲು ಹಣ ಕೊಟ್ಟವರೂ ಇವರೇ. ಆತ ತನ್ನ ಮೂರನೆಯ ಪಿಯಾನೋ ಕಂಚೆರ್ಟೊವನ್ನು ಇವರಿಗೆ ಅರ್ಪಿಸಿದ. ಇಷ್ಟೆಲ್ಲ ಬಲ್ಲ ಮಹಾರಾಜರು ಕರ್ನಾಟಕ ಸಂಗೀತದಲ್ಲಿ ರಚನೆಗೆ ಹೊರಟಾಗ ಮತ್ತೆ ಶಿಷ್ಯರಾದರು. ವೆಂಕಟಗಿರಿಯಪ್ಪನವರಲ್ಲಿ ವೀಣೆ, ಎಂಬತ್ತರ ಆಸುಪಾಸಿನ ವಾಸುದೇವಾಚಾರ್ಯರ ಮಾರ್ಗದರ್ಶನ. ಆಮೇಲೆ 94 ಕೃತಿಗಳು. ರಾಗದ ಹೆಸರು ಸಾಹಿತ್ಯದೊಳಗೇ ಸೇರಿಕೊಂಡಿರುತ್ತದೆ, ತುರುಕಿದಂತೆ ಕಾಣುವುದಿಲ್ಲ. ಅಂಕಿತ ‘ಶ್ರೀವಿದ್ಯಾ’. ದೇವಿಯ ಉಪಾಸನೆ ಮೊದಲಿತ್ತು, ಅಂಕಿತ ಅದರ ಹಿಂದೆ ಬಂತು. ಶೃಂಗೇರಿಯ ಮಗ್ಗುಲಲ್ಲೇ ಬೆಳೆದ ನಿನಗೆ ಶ್ರೀವಿದ್ಯೆ ಎಂದರೇನೆಂದು ನಾನು ಬಿಡಿಸಿ ಹೇಳಬೇಕೆ?

‘ಅವರಿಗೆ ಅರಮನೆಯಿತ್ತು, ಕೆರೆಕಟ್ಟೆಯಲ್ಲಿ ನಮಗೇನಿದೆ’ ಅಂತೀಯ. ನಿಜ ಮಾರಾಯ. ಹೊಸ ಕೃತಿಗೆ ದುಡ್ಡು ಕೊಡುವವರು ಕಡಿಮೆ. ಹೊಟ್ಟೆಗೆ ಹಿಟ್ಟು ಹುಟ್ಟುವುದು ಹೆಚ್ಚಾಗಿ ಮಕ್ಕಳಿಗೆ ಪಾಠ ಹೇಳುವುದರಿಂದಲೇ. ಅದನ್ನು ಕೀಳಾಗಿ ನೋಡಬೇಡ, ಸರಳೆ ಹೇಳಿಕೊಡುತ್ತಲೇ ನಿನ್ನ ಶ್ರುತಿಯೂ ನಿಲ್ಲುತ್ತದೆ. ಡಿಗ್ರಿ ಬಿಡಬೇಡ. ಸಂಗೀತವನ್ನೇ ಓದುವುದಾದರೆ ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯವಿದೆ. ನಿನ್ನಪ್ಪನ ಹತ್ತಿರ ನಾನು ಮಾತಾಡುತ್ತೇನೆ. ಸಂಸ್ಕೃತವನ್ನಂತೂ ಈಗಲೇ ಹಿಡಿ. ನಿನ್ನ ಸಾಹಿತ್ಯದಲ್ಲಿ ದೀರ್ಘ ಇರಬೇಕಾದಲ್ಲಿ ಹ್ರಸ್ವ ಬಿದ್ದು, ತಾಳಕ್ಕೆ ಹೊಂದಿಸಲು ಎಳೆದಾಡಿದ್ದು ನನ್ನ ಕಿವಿಗೂ ತಿಳಿಯಿತು.

ಮುಂದಿನ ಸಲ ಬರುವಾಗ ಆ ಪಲ್ಲವಿಯನ್ನು ಸ್ವರ ಹಾಕಿ ಕಾಗದದ ಮೇಲೆ ಬರೆದು ತಾ. ವಾಟ್ಸಾಪಿನಲ್ಲಿ ಕಳುಹಿಸಬೇಡ, ಮಳೆ ಹಿಡಿದರೆ ಇಲ್ಲಿ ಕರೆಂಟೇ ಇರುವುದಿಲ್ಲ.