ಉಳುಮೆ, ಬೆಳೆಯ ಸರದಿ ಮತ್ತು ಮಣ್ಣಿನೊಳಗಣ ಜೀವ

ಮಣ್ಣು ಎಂದೊಡನೆ ಜಡವಾದುದೊಂದು ವಸ್ತು ನಮ್ಮ ಮನಸ್ಸಿಗೆ ಬರುತ್ತದೆ. ಪಾಠ ತಲೆಗೆ ಹತ್ತದವನ ತಲೆಯಲ್ಲಿ ಮಣ್ಣು ತುಂಬಿದೆಯೆಂದು ಬೈಯುತ್ತೇವೆ. ಕೈತಪ್ಪಿದ ಗಂಟು ಮಣ್ಣುಪಾಲಾಯಿತೆನ್ನುತ್ತೇವೆ. ಆದರೆ ಒಳ್ಳೆಯ ಹೊಲದ ಒಂದು ಗ್ರಾಂ ಮಣ್ಣಿನಲ್ಲಿ, ಎಂದರೆ ಒಂದು ಚಿಟಿಕೆಯಲ್ಲಿ, ಹತ್ತು ಕೋಟಿಯಿಂದ ನೂರು ಕೋಟಿಯವರೆಗೆ ಬ್ಯಾಕ್ಟೀರಿಯಗಳು ವಾಸಿಸುತ್ತವೆಯೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. 2011ರ ಜನಗಣತಿಯಲ್ಲಿ ತುಮಕೂರು ಜಿಲ್ಲೆಯ ಒಟ್ಟು ಜನಸಂಖ್ಯೆ 27 ಲಕ್ಷಕ್ಕೂ ಸ್ವಲ್ಪ ಕಡಿಮೆ. ಒಂದು ಚಿಟಿಕೆ ಮಣ್ಣು ನಮ್ಮ ಜಿಲ್ಲೆಗಿಂತ ಎಷ್ಟು ಪಾಲು ಜನನಿಬಿಡವಾದುದೆಂಬುದನ್ನು ವಾಚಕರೇ ಭಾಗಿಸಿ ನೋಡಬಹುದು.

ಚರಿತ್ರೆ, ಅರ್ಥಶಾಸ್ತ್ರಗಳನ್ನು ಓದುವ ಬಿ.ಎ. ವಿದ್ಯಾರ್ಥಿಗೆ ಈ ವಿಷಯವೇಕೆ ಎಂದು ಕೆಲವರಾದರೂ ಕೇಳಿಯಾರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ನನ್ನ ಶುಲ್ಕ, ಪುಸ್ತಕ, ಬಸ್ಸಿನ ಪಾಸು ಎಲ್ಲವೂ ದಬ್ಬೇಘಟ್ಟ ಹೋಬಳಿಯ ಒಂದು ತೆಂಗಿನ ತೋಟದಿಂದಲೂ ಅದರ ಪಕ್ಕದ ರಾಗಿಯ ಹೊಲದಿಂದಲೂ ಬಂದುವು. ಈ ಕಾಲೇಜಿನಲ್ಲಿ ಓದುವವರಲ್ಲಿ ಬಹುಮಂದಿಯ ಕಥೆಯೂ ಇಷ್ಟೆ. ಅನ್ನ ಕೊಟ್ಟ ಮಣ್ಣಿನ ಒಳಗೆ ಏನು ನಡೆಯುತ್ತಿದೆಯೆಂಬುದನ್ನು ತಿಳಿಯುವ ಹಕ್ಕು ವಿಜ್ಞಾನದ ವಿದ್ಯಾರ್ಥಿಗಳಿಗೆ ಮಾತ್ರ ಸೇರಿದ್ದಲ್ಲವಷ್ಟೆ.

ಮಣ್ಣಿನ ಜೀವಿಗಳು ಕಣ್ಣಿಗೆ ಕಾಣದಿದ್ದರೂ ಮೂಗಿಗೆ ಸಿಕ್ಕುತ್ತವೆ. ಭರಣಿ ಮಳೆಯ ಮೊದಲ ಹನಿ ಬಿದ್ದಾಗ ಏಳುವ ಮಣ್ಣಿನ ವಾಸನೆಯನ್ನು ಬಲ್ಲದವರಾರು? ಆ ವಾಸನೆಗೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ವಸ್ತು. ಅದನ್ನು ತಯಾರಿಸುವುದು ಸ್ಟ್ರೆಪ್ಟೋಮೈಸಿಸ್ ಎಂಬ ಮಣ್ಣಿನ ಜೀವಿ. ವಸ್ತುವಿಗೆ ಆ ಹೆಸರು ಬಿದ್ದುದು 1965ರಲ್ಲಿ. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಮಣ್ಣಿನ ಕಂಪು ಎಂದೇ. ಕ್ಷಯರೋಗಕ್ಕೆ ಮೊದಲ ಮದ್ದಾದ ಸ್ಟ್ರೆಪ್ಟೋಮೈಸಿನ್ 1943ರಲ್ಲಿ ದೊರೆತುದೂ ಇದೇ ಕುಲದ ಜೀವಿಯಿಂದ. ಇವಲ್ಲದೆ ಇತರ ಬ್ಯಾಕ್ಟೀರಿಯಗಳು, ಅಣಬೆಯ ಜಾತಿಯ ಬೂಷ್ಟುಗಳು, ಇವನ್ನು ತಿಂದು ಬದುಕುವ ಏಕಕೋಶ ಜೀವಿಗಳು, ಎಲ್ಲಕ್ಕೂ ದೊಡ್ಡಣ್ಣನಾದ ಎರೆಹುಳು, ಹೀಗೆ ಒಂದು ಸಂಸಾರವೇ ಅಲ್ಲಿದೆ. ಸತ್ತ ಎಲೆ, ಸಗಣಿ, ಬೇರುಗಳನ್ನು ಕೊಳೆಸಿ ಗಿಡಕ್ಕೆ ಒಗ್ಗುವಂತೆ ಮಾಡುವುದು ಈ ಸಂಸಾರದ ಕಸಬು. ನಾವು ಗಿಡಕ್ಕೆ ಗೊಬ್ಬರ ಹಾಕಿದೆವೆಂದು ಹೇಳುತ್ತೇವೆ. ನಿಜವಾಗಿ ನಾವು ಹಾಕುವುದು ಇವುಗಳಿಗೆ. ಇವು ಉಂಡು ಉಳಿಸಿದ್ದು ಗಿಡಕ್ಕೆ.

ಈ ಸಂಸಾರಕ್ಕೆ ನಮ್ಮ ಬೇಸಾಯದ ಎರಡು ಪದ್ಧತಿಗಳು ನೇರವಾಗಿ ತಟ್ಟುತ್ತವೆ. ಒಂದು ಬೆಳೆಯ ಸರದಿ, ಮತ್ತೊಂದು ಉಳುಮೆ. ಎರಡೂ ಹಳೆಯವೇ. ಆದರೆ ಒಂದು ಅದಕ್ಕೆ ಊಟವಿಕ್ಕಿದರೆ ಇನ್ನೊಂದು ಅದರ ಮನೆಯನ್ನು ಕೆಡವುತ್ತದೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಹೊಲಗಳಲ್ಲಿ ಭರಣಿ, ಕೃತ್ತಿಕೆ ಮಳೆಗಳಿಗೆ ಹೆಸರನ್ನೋ ಅಲಸಂದೆಯನ್ನೋ ಬಿತ್ತುವುದು ವಾಡಿಕೆ. ಎರಡು ತಿಂಗಳು ಚಿಲ್ಲರೆಯಲ್ಲಿ ಹೆಸರು ಕೈಗೆ ಬರುತ್ತದೆ. ಆಮೇಲೆ ಅದೇ ಹೊಲಕ್ಕೆ ರಾಗಿ. ರಾಗಿಯೊಡನೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳ ಅಕ್ಕಡಿ ಸಾಲು. ಹೆಸರು ಬೆಳೆದ ಹೊಲದಲ್ಲಿ ರಾಗಿ ಹುಲುಸಾಗಿ ಬರುತ್ತದೆಂಬುದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಏಕೆಂಬುದು ಗೊತ್ತಾದುದು 1886ರಲ್ಲಿ, ಜರ್ಮನಿಯಲ್ಲಿ. ಹೆಲ್‌ರೀಗೆಲ್ ಮತ್ತು ವಿಲ್ಫಾರ್ತ್ ಎಂಬ ಇಬ್ಬರು, ದ್ವಿದಳ ಗಿಡಗಳು ತಮ್ಮ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳ ಮೂಲಕ ಗಾಳಿಯ ಸಾರಜನಕವನ್ನು ಪಡೆಯುತ್ತವೆಯೆಂದು ತೋರಿಸಿದರು. ಎರಡು ವರ್ಷ ಕಳೆದು, 1888ರಲ್ಲಿ, ಹಾಲೆಂಡಿನ ಬೈಜರಿಂಕ್ ಆ ಜೀವಿಯನ್ನೇ ಬೇರ್ಪಡಿಸಿ ಬೆಳೆಸಿದನು.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಿದ್ದರೂ ಗಿಡ ಅದನ್ನು ಹಾಗೆಯೇ ಬಳಸಲಾರದು. ಯೂರಿಯಾದ ಕಾರ್ಖಾನೆಯಲ್ಲಿ ಅದನ್ನು ಹಿಡಿಯಬೇಕಾದರೆ ನಾನೂರು ಐನೂರು ಡಿಗ್ರಿ ಶಾಖವೂ ವಾಯುಭಾರದ ನೂರಿನ್ನೂರು ಪಟ್ಟು ಒತ್ತಡವೂ ಬೇಕು. ಹೆಸರಿನ ಬೇರಿನಲ್ಲಿರುವ ಜೀವಿ ಅದೇ ಕೆಲಸವನ್ನು ಹೊಲದ ಬಿಸುಪಿನಲ್ಲಿ ಸದ್ದಿಲ್ಲದೆ ಮಾಡಿ ಮುಗಿಸುತ್ತದೆ. ಹೂವಾಡುವ ಹೊತ್ತಿಗೆ ಒಂದು ಗಿಡವನ್ನು ಮಣ್ಣಿನ ಸಮೇತ ಮೆಲ್ಲಗೆ ಎಬ್ಬಿಸಿ, ಬೇರನ್ನು ತೊಳೆದು, ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪಾಗಿದ್ದರೆ ಕೆಲಸ ನಡೆಯುತ್ತಿದೆಯೆಂದು ಅರ್ಥ. ಆ ಕೆಂಪು ನಮ್ಮ ರಕ್ತದ ಕೆಂಪಿಗೆ ನೆಂಟು. ಒಳಗೆ ಬೆಳ್ಳಗೋ ಹಸುರಾಗಿಯೋ ಇದ್ದರೆ ಕೆಲಸ ಇನ್ನೂ ಹತ್ತಿಲ್ಲ ಅಥವಾ ನಿಂತಿದೆ. ಪ್ರಯೋಗಾಲಯವಿಲ್ಲದ ನಮ್ಮಂಥವರಿಗೆ ಇದಕ್ಕಿಂತ ಸುಲಭವಾದ ಪರೀಕ್ಷೆ ಬೇಕೆ?

ಒಂದು ಹೆಸರು ಬೆಳೆ ಹೀಗೆ ಹೆಕ್ಟೇರಿಗೆ ಸುಮಾರು 30ರಿಂದ 50 ಕಿಲೋ ಸಾರಜನಕವನ್ನು ಹಿಡಿಯಬಲ್ಲುದು. ಆದರೆ ಇದೆಲ್ಲವೂ ಹೊಲಕ್ಕೇ ಉಳಿಯುತ್ತದೆಂದು ತಿಳಿಯಬಾರದು. ದೊಡ್ಡ ಪಾಲು ಕಾಳಿನಲ್ಲಿ ಸೇರಿ ಮಂಡಿಗೆ ಹೋಗುತ್ತದೆ. ಕಾಯಿ ಬಿಡಿಸಿಕೊಂಡು ಗಿಡವನ್ನು ಹೊಲದಲ್ಲೇ ಬಿಟ್ಟರೆ ಲಾಭವುಂಟು. ಬೇರು ಸಮೇತ ಕಿತ್ತು ಕಣಕ್ಕೆ ಹೊತ್ತರೆ ರಾಗಿಗೆ ಸಿಕ್ಕುವುದು ಬಹಳ ಕಡಿಮೆ. ಆಳು ಸಿಕ್ಕದ ಈ ದಿನಗಳಲ್ಲಿ ಕೀಳುವುದೇ ಹೆಚ್ಚಾಗಿದೆ. ದನಕ್ಕೆ ಮೇವಾಗಿ ಮರಳಿ ಗೊಬ್ಬರವಾಗಿ ಬಂದರೆ ಆಕ್ಷೇಪಣೆಯಿಲ್ಲ. ಆದರೆ ಕೊಟ್ಟಿಗೆಗಳು ಬರಿದಾಗುತ್ತಿವೆಯಲ್ಲ!

ಸರದಿಯಿಂದ ಸಾರಜನಕವೊಂದೇ ಲಾಭವಲ್ಲ. ಒಂದೇ ಬೆಳೆಯನ್ನು ವರ್ಷವರ್ಷವೂ ಬೆಳೆದರೆ ಆ ಬೆಳೆಯ ಬೇರನ್ನು ನೆಚ್ಚಿದ ಜೀವಿಗಳು, ಅದರ ರೋಗಾಣುಗಳೂ ಸೇರಿ, ಬಲಿಯುತ್ತವೆ. ಬೇರೆಬೇರೆ ಬೇರುಗಳು ಬೇರೆಬೇರೆ ರಸವನ್ನು ಸುರಿಸುವುದರಿಂದ ಅಕ್ಕಡಿಯ ಹೊಲದಲ್ಲಿ ಬಗೆಬಗೆಯ ಜೀವಿಗಳಿಗೆ ಎಡೆ ಸಿಕ್ಕುತ್ತದೆ. ಇಲ್ಲಿ ಒಂದು ಸ್ವಾರಸ್ಯವಿದೆ. ರಾಗಿಯ ಬೇರಿನೊಳಗೆ ಮೈಕೊರೈಜ ಎಂಬ ಅಣಬೆ ಹೊಕ್ಕು, ನೂಲಿಗಿಂತಲೂ ಸಣ್ಣ ಎಳೆಗಳನ್ನು ಮಣ್ಣಿಗೆ ಚಾಚಿ, ರಂಜಕವನ್ನು ತಂದುಕೊಡುತ್ತದೆ. ಕೂಲಿಯಾಗಿ ಗಿಡದಿಂದ ಸಕ್ಕರೆಯನ್ನು ಪಡೆಯುತ್ತದೆ. ಸಾಸಿವೆಯ ಕುಲ ಮಾತ್ರ ಈ ಅಣಬೆಯನ್ನು ಹತ್ತಿರ ಸೇರಿಸುವುದಿಲ್ಲ. ಅಕ್ಕಡಿಯಲ್ಲಿ ಸಾಸಿವೆಯನ್ನು ನಮ್ಮವರು ಒಂದೆರಡು ಸಾಲಿಗೆ ನಿಲ್ಲಿಸಿದ್ದು ಒಗ್ಗರಣೆಗೆ ಬೇಕಾದಷ್ಟೆಂಬ ಲೆಕ್ಕದಿಂದಲೇ ಇರಬಹುದು. ಅಣಬೆಗೂ ಅದು ಒಳ್ಳೆಯದೇ ಆಯಿತು. ಈ ಮೈಕೊರೈಜವನ್ನು ಕುರಿತು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಿ. ಜೆ. ಬಾಗ್ಯರಾಜ್ ಅವರು ದಶಕಗಳ ಕಾಲ ಸಂಶೋಧನೆ ನಡೆಸಿದ್ದಾರೆ. ಅದೇ ವಿಶ್ವವಿದ್ಯಾನಿಲಯದ ಒಣಬೇಸಾಯದ ಹೊಲದಲ್ಲಿ 1978ರಲ್ಲಿ ಆರಂಭವಾದ ರಾಗಿಯ ದೀರ್ಘಕಾಲದ ಪ್ರಯೋಗವೊಂದುಂಟು. ಬರೀ ರಾಸಾಯನಿಕ ಗೊಬ್ಬರ ಹಾಕಿದ ತಾಕುಗಳಲ್ಲಿ ವರ್ಷ ಕಳೆದಂತೆ ಇಳುವರಿ ಕುಗ್ಗಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರವನ್ನೂ ಜೊತೆಗೆ ಹಾಕಿದ ತಾಕುಗಳಲ್ಲಿ ನಿಂತಿತು. ಹತ್ತು ಟನ್ನು ಗೊಬ್ಬರ ನಮ್ಮಲ್ಲಿ ಎಷ್ಟು ಜನರ ತಿಪ್ಪೆಯಲ್ಲಿದೆಯೆಂಬುದು ಬೇರೆ ಪ್ರಶ್ನೆ.

ಇನ್ನು ಉಳುಮೆ. ಕೊಳವೆಬಾವಿಗಳು ಬಂದ ಮೇಲೆ ನಮ್ಮ ಕಡೆ ರಾಗಿಯ ಹೊಲಗಳು ಒಂದೊಂದಾಗಿ ತೆಂಗಿನ ತೋಟಗಳಾದುವು. ಹೊಲ ತೋಟವಾದೊಡನೆ ಸರದಿ ಹೋಯಿತು, ಅಕ್ಕಡಿ ಹೋಯಿತು. ಉಳುಮೆ ಮಾತ್ರ ಉಳಿದುಕೊಂಡಿತು. ಎತ್ತಿನ ನೇಗಿಲಿನ ಕಾಲದಲ್ಲಿ ಉಳುಮೆಗೆ ಎತ್ತಿನ ಶಕ್ತಿಯೇ ಒಂದು ಮಿತಿಯಾಗಿತ್ತು. ಈಗ ಟ್ರ್ಯಾಕ್ಟರಿನ ಹಿಂದೆ ರೋಟವೇಟರ್ ಕಟ್ಟಿ ವರ್ಷಕ್ಕೆ ಎರಡು ಮೂರು ಬಾರಿ ತೋಟವನ್ನು ಹಿಟ್ಟಿನಂತೆ ಪುಡಿಮಾಡುವುದುಂಟು.

ಇದರಿಂದ ಒಳಗೆ ಏನಾಗುತ್ತದೆ? ಮಣ್ಣಿನ ಸಣ್ಣ ಹೆಂಟೆಗಳೊಳಗೆ ಕೊಳೆತ ಜೀವಾಂಶವು ಗಾಳಿ ತಾಗದಂತೆ ಅಡಗಿರುತ್ತದೆ. ಹೆಂಟೆಗಳನ್ನು ಕಟ್ಟಿ ಹಿಡಿದಿರುವುದು ಅಣಬೆಯ ಎಳೆಗಳು ಮತ್ತು ಬ್ಯಾಕ್ಟೀರಿಯಗಳ ಅಂಟು. ಉಳುಮೆ ಹೆಂಟೆಯನ್ನು ಒಡೆದು, ಎಳೆಗಳನ್ನು ಹರಿದು, ಗಾಳಿಯನ್ನು ಒಳಗೆ ಬಿಡುತ್ತದೆ. ಬ್ಯಾಕ್ಟೀರಿಯಗಳಿಗೆ ಆಗ ಹಬ್ಬದೂಟ. ಅಡಗಿದ್ದ ಜೀವಾಂಶವನ್ನು ತಿಂದು ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತವೆ. ಸಾರಜನಕವೂ ಒಮ್ಮೆಗೇ ಬಿಡುಗಡೆಯಾಗುತ್ತದೆ. ಬೆಳೆ ಕೆಲವು ವಾರ ಹಸುರಾಗಿ ಕಾಣುವುದು ಇದರಿಂದಲೇ, ಮತ್ತು ಉಳುಮೆಯನ್ನು ರೈತ ನಂಬುವುದೂ ಇದರಿಂದಲೇ. ಒಣಗಿದ ಮಣ್ಣು ಮಳೆಗೆ ನೆನೆದಾಗಲೂ ಇಂಥದೇ ಒಂದು ಉಬ್ಬರವಾಗುವುದನ್ನು ಬರ್ಚ್ ಎಂಬ ವಿಜ್ಞಾನಿ ಕೀನ್ಯಾ ದೇಶದಲ್ಲಿ ಅಭ್ಯಾಸಮಾಡಿ 1958ರಲ್ಲಿ ಪ್ರಕಟಿಸಿದನು. ಬೇಸಿಗೆಯಲ್ಲಿ ಉತ್ತು, ಒಣಗಿಸಿ, ಮೊದಲ ಮಳೆಗೆ ನೆನೆಯಬಿಡುವ ನಮ್ಮ ತೋಟಗಳಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ. ಹಬ್ಬ ಮುಗಿದ ಮೇಲೆ ಕಣಜ ಬರಿದು. ಕೆಂಪು ಮಣ್ಣಿನ ನಮ್ಮ ಸೀಮೆಯಲ್ಲಿ ಕಣಜ ಮೊದಲೇ ಚಿಕ್ಕದು. ಇಂಥ ಮಣ್ಣುಗಳಲ್ಲಿ ಜೀವಾಂಶದ ಇಂಗಾಲ ನೂರಕ್ಕೆ ಅರ್ಧ ಪಾಲಿಗಿಂತಲೂ ಕಡಿಮೆಯಿರುವುದು ಸಾಮಾನ್ಯ.

ಇದನ್ನು ಪರೀಕ್ಷಿಸಲು ತೋಟದ ನಡುವಿನಿಂದ ಒಂದು ಒಣ ಹೆಂಟೆ, ಎಂದೂ ನೇಗಿಲು ತಾಗದ ಬೇಲಿಯ ಬುಡದಿಂದ ಒಂದು ಒಣ ಹೆಂಟೆ ತಂದು ಎರಡು ಲೋಟ ನೀರಿನಲ್ಲಿ ಬಿಟ್ಟೆನು. ತೋಟದ ಹೆಂಟೆ ನೋಡನೋಡುತ್ತ ಕರಗಿ ರಾಡಿಯಾಯಿತು. ಬೇಲಿಯ ಹೆಂಟೆ ಗುಳ್ಳೆ ಬಿಡುತ್ತ ಬಹಳ ಹೊತ್ತು ನಿಂತಿತು. ನಮ್ಮ ತಂದೆಯವರು ಅದನ್ನು ನೋಡಿ, “ಬೇಲಿ ಬುಡದ ಮಣ್ಣು ಗಟ್ಟಿ ಕಣಪ್ಪ, ಸರಿ. ಆದರೆ ಉಳದಿದ್ರೆ ಮಳೆ ನೀರು ಇಂಗೋದು ಹೆಂಗೆ?” ಎಂದರು.

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಉಳುಮೆಯೇ ಪಾಪವೆಂದು ಬರೆಯುವವರು ಇದನ್ನು ಮರೆಯುತ್ತಾರೆ. ನಮ್ಮ ಕೆಂಪು ಮಣ್ಣು ಮಳೆ ಬಿದ್ದು ಒಣಗಿದರೆ ಮೇಲೆ ಹೆಪ್ಪುಗಟ್ಟುತ್ತದೆ. ಮುಂದಿನ ಮಳೆಯ ನೀರು ಅದರ ಮೇಲೆ ಜಾರಿ ಹಳ್ಳ ಸೇರುತ್ತದೆ. ಬರಿಯ ಹೊಲವನ್ನು ಉಳದೆ ಬಿಟ್ಟರೆ ನೀರು ನಷ್ಟವಾಗುವುದು ನಿಜ. ಬ್ರೆಜಿಲ್ ದೇಶದಲ್ಲಿ ಹರ್ಬರ್ಟ್ ಬಾರ್ಟ್ಸ್ ಎಂಬ ರೈತನು 1972ರಲ್ಲಿ ಉಳುಮೆಯಿಲ್ಲದ ಬೇಸಾಯವನ್ನು ಆರಂಭಿಸಿದನು, ಈಗ ಅಲ್ಲಿ ಅದು ಬಹು ವಿಸ್ತಾರವಾಗಿ ಹರಡಿದೆ. ಆದರೆ ಅಲ್ಲಿ ನೆಲದ ಮೇಲೆ ಹಿಂದಿನ ಬೆಳೆಯ ಹುಲ್ಲಿನ ಹೊದಿಕೆಯಿರುತ್ತದೆ. ಕಳೆಗೆ ಔಷಧಿ ಹೊಡೆಯುತ್ತಾರೆ. ರಾಗಿಯ ಹುಲ್ಲನ್ನೆಲ್ಲ ಬಣವೆಗೆ ಒಟ್ಟಿ ದನಕ್ಕೆ ಹಾಕುವ ನಾವು ಹೊದಿಕೆಗೆ ಏನು ಮಾಡೋಣ? ಆದುದರಿಂದ ರಾಗಿಯ ಹೊಲದಲ್ಲಿ ಉಳುಮೆಯನ್ನು ಬಿಡುವುದು ಸಾಧ್ಯವಿಲ್ಲವೆಂದೇ ನನ್ನ ಅಭಿಪ್ರಾಯ. ಅಲ್ಲಿ ಬೇಕಾದುದು ಹೆಸರಿನ ಸರದಿಯನ್ನು ಬಿಡದಿರುವುದು, ಮೂರು ಸಲ ಉಳುವಲ್ಲಿ ಒಂದು ಸಲಕ್ಕೆ ಇಳಿಸುವುದು, ರೋಟವೇಟರನ್ನು ದೂರವಿಡುವುದು.

ತೆಂಗಿನ ತೋಟದ ಮಾತೇ ಬೇರೆ. ಇಲ್ಲಿ ಹೊದಿಕೆಗೆ ಬರವಿಲ್ಲ. ಒಂದು ತೆಂಗಿನ ಮರ ವರ್ಷಕ್ಕೆ ಹನ್ನೆರಡರಷ್ಟು ಗರಿಗಳನ್ನು ಉದುರಿಸುತ್ತದೆ. ಎಕರೆಗೆ ನಲವತ್ತು ಮರವೆಂದರೂ 480 ಗರಿ. ಇವುಗಳಲ್ಲಿ ಸೋಗೆಗೆ, ಪೊರಕೆಗೆ ಹೋದುದು ಸ್ವಲ್ಪ. ಉಳಿದುದೆಲ್ಲ ನೀರೊಲೆಗೆ ಅಥವಾ ತೋಟದ ಮೂಲೆಯಲ್ಲಿ ಬೆಂಕಿಗೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಇದೇ ಗರಿಗಳನ್ನು ಎರೆಹುಳುವಿಗೆ ಉಣಿಸಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದ್ದಾರೆ. ಅಷ್ಟೂ ಆಗದಿದ್ದರೆ ಕತ್ತರಿಸಿ ಪಾತಿಯಲ್ಲಿ ಹರಡಿದರೂ ಸಾಕು: ಮಣ್ಣು ಹೆಪ್ಪುಗಟ್ಟುವುದಿಲ್ಲ, ತೇವ ಆರುವುದಿಲ್ಲ, ಎರೆಹುಳು ತಾನಾಗಿಯೇ ಮೇಲೆ ಬಂದು ಮಣ್ಣನ್ನು ತೂತುಮಾಡುತ್ತದೆ. ನೀರು ಇಂಗುವ ದಾರಿ ಅದು.

ತೆಂಗಿನ ಬೇರಿನ ರಚನೆಯನ್ನು ನೋಡಿದರೂ ಉಳುಮೆಯ ಅಗತ್ಯ ಕಾಣುವುದಿಲ್ಲ. ಬೇರುಗಳ ಬಹುಪಾಲು ಬುಡದಿಂದ ಎರಡು ಮೀಟರಿನೊಳಗೆ, ಒಂದಡಿಯಿಂದ ನಾಲ್ಕಡಿಯ ಆಳದಲ್ಲಿರುತ್ತದೆ. ಏಳೂವರೆ ಮೀಟರ್ ಅಂತರದ ತೋಟದಲ್ಲಿ ಮರಕ್ಕೆ ಸೇರಿದ ನೆಲದ ಕಾಲುಭಾಗವನ್ನೂ ಈ ಬೇರುಗಳು ಆಕ್ರಮಿಸುವುದಿಲ್ಲ. ಹೀಗಿರಲಾಗಿ ಏನನ್ನೂ ಬಿತ್ತದೆ ಸಾಲಿನ ನಡುವೆ ಉತ್ತರೆ ಅದು ಯಾರಿಗಾಗಿ? ಉಳದ ತೋಟ ಸೋಮಾರಿಯ ತೋಟವೆಂದು ಊರಿನವರು ಆಡಿಕೊಳ್ಳುತ್ತಾರೆಂಬ ಅಂಜಿಕೆಗಾಗಿ, ಎನ್ನದೆ ವಿಧಿಯಿಲ್ಲ. ತೆಂಗಿನ ಬೇರಿಗೆ ಬೇರುಗೂದಲೂ ಇಲ್ಲ. ರಂಜಕಕ್ಕಾಗಿ ಅದು ಮೈಕೊರೈಜದ ಎಳೆಗಳನ್ನೇ ಬಹುವಾಗಿ ನೆಚ್ಚಿದೆ. ಪಾತಿಯವರೆಗೂ ರೋಟವೇಟರ್ ಓಡಿಸಿದಾಗ ಕಡಿದುಹೋಗುವುದು ಆ ಎಳೆಗಳೇ.

ಎಲ್ಲಕ್ಕಿಂತ ಭಯಪಡಬೇಕಾದುದು ಅಣಬೆ ರೋಗಕ್ಕೆ. ಬುಡದಲ್ಲಿ ಕಂದುಬಣ್ಣದ ರಸ ಸೋರಿ, ಗರಿಗಳು ಜೋತುಬಿದ್ದು, ಕಡೆಗೆ ಕಾಂಡದಿಂದ ಅಣಬೆ ಮೂಡುವ ಈ ರೋಗ ನಮ್ಮ ಸೀಮೆಯ ರೈತರಿಗೆ ಹೊಸದಲ್ಲ. ಗ್ಯಾನೋಡರ್ಮ ಎಂಬ ಈ ಅಣಬೆಯನ್ನು ಕುರಿತು ಮೈಸೂರು ಸಂಸ್ಥಾನದ ಎಸ್. ವಿ. ವೆಂಕಟರಾಯನ್ ಅವರು 1936ರಲ್ಲಿಯೇ ಬರೆದಿದ್ದರು. ಇದು ಮಣ್ಣಿನಲ್ಲಿಯೇ ಬದುಕಿ, ರೋಗದ ಬೇರಿನ ಚೂರುಗಳ ಮೂಲಕ ಮರದಿಂದ ಮರಕ್ಕೆ ದಾಟುತ್ತದೆ. ರೋಗ ಹತ್ತಿದ ತೋಟವನ್ನು ಉಳುವುದೆಂದರೆ ಆ ಚೂರುಗಳನ್ನು ನಾವೇ ಹಂಚಿದಂತೆ. ಆದುದರಿಂದ ಅಂಥ ತೋಟದಲ್ಲಿ ಉಳಬಾರದು, ಒಂದು ಪಾತಿಯ ನೀರು ಇನ್ನೊಂದಕ್ಕೆ ಹರಿಯಬಾರದು, ರೋಗದ ಮರದ ಸುತ್ತ ಕಂದಕ ತೋಡಬೇಕು, ಬೇವಿನ ಹಿಂಡಿಯನ್ನೂ ಟ್ರೈಕೋಡರ್ಮವನ್ನೂ ಕೊಡಬೇಕು, ನಡುವೆ ಬಾಳೆ ಬೆಳೆಯಬೇಕು ಎಂಬುದು ತಜ್ಞರ ಸಲಹೆ. ಟ್ರೈಕೋಡರ್ಮವೂ ಒಂದು ಅಣಬೆಯೇ. ಗ್ಯಾನೋಡರ್ಮವನ್ನು ಸುತ್ತಿ ತಿನ್ನುವ ಅಣಬೆ. ಅದು ಬದುಕುವುದಕ್ಕೆ ಜೀವಾಂಶ ಬೇಕು, ತೇವ ಬೇಕು. ಬೆಂದು ಬರಿದಾದ ಮಣ್ಣಿಗೆ ಅಂಗಡಿಯಿಂದ ತಂದ ಟ್ರೈಕೋಡರ್ಮದ ಪುಡಿಯನ್ನು ಚೆಲ್ಲಿ ಫಲ ಕಾಣಲಿಲ್ಲವೆಂದು ದೂರುವವರು, ಮುಂದಿನ ಬಾರಿ ಅದನ್ನು ಒಂದು ಮಂಕರಿ ಹಳೆಯ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ನೆರಳಿನಲ್ಲಿ ತೇವವಾಗಿಟ್ಟು, ಹದಿನೈದು ದಿನ ಬೆಳೆಯಬಿಟ್ಟು, ಆಮೇಲೆ ಪಾತಿಗೆ ಹಾಕಿ ಗರಿ ಮುಚ್ಚಿ ನೋಡಬಹುದು. ತಿಪಟೂರಿನ ಹತ್ತಿರ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ; ಮಣ್ಣಿನ ವಿಚಾರ ಕೇಳಬಯಸುವ ಗೆಳೆಯರು ಅಲ್ಲಿಗೆ ಹೋಗುವಾಗ ತೋಟದ ಮಣ್ಣನ್ನೂ ಬೇಲಿ ಬುಡದ ಮಣ್ಣನ್ನೂ ಬೇರೆಬೇರೆ ಚೀಲಗಳಲ್ಲಿ ಕಟ್ಟಿ ಒಯ್ಯುವುದು ಮೇಲು.